ಹಗುರಬೀದಿಯ ಕಿಟಕಿಗಳು

ನಮ್ಮೂರಿನಲ್ಲಿ ಗ್ಯಾಸು ಸೋರಿದರೆ ವಾಸನೆ ಬರುವುದಿಲ್ಲ, ತೂಕ ಕಡಿಮೆಯಾಗುತ್ತದೆ. ಸೋರುವ ಜಾಗದಲ್ಲಿ ಕೊಡ ಎತ್ತಿದರೆ ತಂಬಿಗೆ ಎತ್ತಿದ ಹಾಗಿರುತ್ತದೆ. ಮೆಟ್ಟಿಲು ಹತ್ತಿದರೆ ಯಾರೋ ಹಿಂದಿನಿಂದ ಕೈ ಕೊಟ್ಟು ನೂಕಿದ ಹಾಗಿರುತ್ತದೆ. ಯಾಕೆ ಹಾಗೆ ಎಂದು ಬೇರೆ ಊರಿನಿಂದ ಬಂದವರು ಕೇಳುತ್ತಾರೆ. ನಿಮ್ಮೂರಿನ ಬಾವಿ ನೀರು ಯಾಕೆ ಉಪ್ಪು ಎಂದು ನಾವೇನು ಕೇಳಲು ಹೋಗುತ್ತೇವೆಯೇ?

ನನ್ನ ಹೆಸರು ದಾಕ್ಷಾಯಿಣಿ. ಗ್ಯಾಸ್ ಕಚೇರಿಯಲ್ಲಿ ಲೈನ್ ನೋಡುವ ಕೆಲಸ. ಹತ್ತೊಂಬತ್ತು ವರ್ಷದಿಂದ ದಿನಾ ಬೆಳಿಗ್ಗೆ ಸ್ಪ್ರಿಂಗ್ ತಕ್ಕಡಿಯ ಕೊಕ್ಕೆಗೆ ಒಂದು ಕೆಜಿಯ ಕಬ್ಬಿಣದ ಬಟ್ಟು ನೇತುಹಾಕಿಕೊಂಡು, ನೆಲದಡಿ ಪೈಪು ಹೋದ ದಾರಿಯಲ್ಲೇ ನಡೆಯುತ್ತೇನೆ. ಮುಳ್ಳು ಒಂದು ಕೆಜಿಯ ಮೇಲೆ ನಿಂತಿದ್ದರೆ ಮುಂದಿನ ಬೀದಿ. ಕಡಿಮೆ ತೋರಿಸಿದರೆ ಅಲ್ಲಿ ಸುಣ್ಣದ ಗುರುತು ಹಾಕಿ, ಅಗೆಸಿ, ತೂತಾದ ಕಡೆ ರಬ್ಬರ್ ಸುತ್ತಿ, ಕಬ್ಬಿಣದ ಪಟ್ಟಿ ಬಿಗಿಸಿ ಮುಚ್ಚಬೇಕು. ಜನ ನನ್ನನ್ನು ಬಟ್ಟಿನಮ್ಮ ಎನ್ನುತ್ತಾರೆ. ಬಾಯಿ ಜೋರು ಎಂದೂ ಅನ್ನುತ್ತಾರೆ. ಎರಡೂ ನಿಜ, ನನಗೆ ಬೇಸರವಿಲ್ಲ.

ಪೈಪು ನಮ್ಮ ತಾತಂದಿರ ಕಾಲದ್ದು. ಬೀಡು ಕಬ್ಬಿಣ, ಸಂದುಗಳಿಗೆ ಸೆಣಬು ತುರುಕಿ ಸೀಸ ಹುಯ್ದದ್ದು. ಹಾಕಿದವರು ಚೆನ್ನಾಗಿಯೇ ಹಾಕಿದ್ದರು, ಅವರ ಮೇಲೆ ತಪ್ಪು ಹೊರಿಸುವುದಿಲ್ಲ. ಆದರೆ ಕಬ್ಬಿಣಕ್ಕೂ ವಯಸ್ಸಾಗುತ್ತದೆ. ಅಗೆದು ನೋಡಿದರೆ ತುಕ್ಕು ಹಪ್ಪಳದ ಹಾಗೆ ಎದ್ದು ಬರುತ್ತದೆ. ಈ ವರ್ಷ ಒಂದು ಪಟ್ಟಿ ಬಿಗಿಸಿದರೆ ಮುಂದಿನ ವರ್ಷ ಅದರ ಪಕ್ಕದಲ್ಲೇ ಇನ್ನೊಂದು. ಹೊಸ ಪೈಪುಗಳು ಬಂದು ಕಚೇರಿಯ ಹಿತ್ತಲಲ್ಲಿ ಪೇರಿಸಿಟ್ಟು ಎಂಟು ವರ್ಷವಾಯಿತು. ಅವುಗಳೊಳಗೆ ಈಗ ಮುಂಗುಸಿ ಸಂಸಾರ ಮಾಡಿಕೊಂಡಿದೆ.

ಎಲ್ಲಕ್ಕಿಂತ ಕೆಟ್ಟ ಜಾಗ ತೊಗಲುಪೇಟೆಯ ಎರಡನೇ ಬೀದಿ. ಅಲ್ಲಿ ಯಾವ ಪಟ್ಟಿಯೂ ನಿಲ್ಲಲಿಲ್ಲ. ಕೊನೆಗೆ ಕಚೇರಿಯವರು ಕೈಚೆಲ್ಲಿ, ಆ ಬೀದಿಯಲ್ಲಿ ಯಾರೂ ಬೆಂಕಿ ಹಚ್ಚಕೂಡದು ಎಂದು ಒಂದು ಬೋರ್ಡು ನೆಟ್ಟು ಸುಮ್ಮನಾದರು. ಕರೆಂಟು ತೆಗೆಸಿದರು. ಬೀದಿಯ ಎರಡು ತುದಿಗೆ ಎತ್ತರದ ದೀಪದ ಕಂಬ ಹಾಕಿಸಿದರು. ಬೀಡಿ, ಬೆಂಕಿಪೊಟ್ಟಣ ಇದ್ದವರು ಬೀದಿಯ ಬಾಯಲ್ಲಿರುವ ಗೂಡಿನಲ್ಲಿ ಇಟ್ಟು ಒಳಗೆ ಹೋಗಬೇಕು. ಅಡುಗೆಗೆ ಹಿಂದಿನ ಬೀದಿಯಲ್ಲಿ ಉದ್ದನೆಯ ಒಂದು ಹಂಚಿನ ಮಾಡು ಕಟ್ಟಿಸಿ ಸಾಲಾಗಿ ಮೂವತ್ತು ಸೌದೆ ಒಲೆ ಹಾಕಿದರು. ಅದಕ್ಕೆ ಒಲೆಮನೆ ಎಂದು ಹೆಸರಾಯಿತು. ದೇವರ ದೀಪ ಕೂಡ ಅಲ್ಲೇ ಹಚ್ಚಿ ಕೈಮುಗಿದು ಬರುತ್ತಾರೆ.

ಇಷ್ಟು ಕಷ್ಟವಿರುವ ಬೀದಿಯಿಂದ ಜನ ಓಡಿಹೋಗಬೇಕಿತ್ತು. ಓಡಿಹೋಗುವುದಿರಲಿ, ಮನೆ ಸಿಗುವುದೇ ಕಷ್ಟವಾಯಿತು. ಮಂಡಿನೋವಿನವರು ಬಂದರು. ಬೆನ್ನು ಬಾಗಿದವರು ಬಂದರು. ಬಸುರಿಯರು ಎಂಟು ತುಂಬುತ್ತಲೇ ಅಲ್ಲಿನ ನೆಂಟರನ್ನು ನೆನಪು ಮಾಡಿಕೊಂಡು ಬಂದರು. ಮೂಟೆ ಹೊರುವವರು ಬುತ್ತಿ ಉಣ್ಣುವ ನೆಪದಲ್ಲಿ ಬಂದು ಜಗುಲಿಯ ಮೇಲೆ ಒಂದು ಗಳಿಗೆ ಮಲಗಿ ಹೋಗುತ್ತಿದ್ದರು. ಎಲ್ಲರೂ ಹಗುರಬೀದಿ ಎಂದು ಕರೆದರು. ಹಳೆಯ ಹೆಸರು ಬೋರ್ಡಿನಲ್ಲಿ ಮಾತ್ರ ಉಳಿಯಿತು.

ಆರು ವರ್ಷದ ಹಿಂದೆ ನನ್ನ ಅಕ್ಕ ಅಂಬುಜಾಕ್ಷಿಯನ್ನೂ ನಾನೇ ಅಲ್ಲಿಗೆ ಕರೆದುಕೊಂಡು ಹೋದೆ. ಮೂರನೇ ವಯಸ್ಸಿನಲ್ಲಿ ಬಂದ ಜ್ವರದಲ್ಲಿ ಅವಳ ಕಾಲು ಎರಡೂ ಸೋತು ಹೋಗಿದ್ದವು. ಅಂಗೈಗೆ ರಬ್ಬರ್ ಚಪ್ಪಲಿ ಹಾಕಿಕೊಂಡು ನೆಲದ ಮೇಲೆ ತೆವಳುತ್ತಿದ್ದಳು. ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವಳನ್ನು ನಾನು ಬೆನ್ನ ಮೇಲೆ ಹೊತ್ತು ಸ್ಕೂಲಿಗೆ ಕರೆದೊಯ್ಯುತ್ತಿದ್ದೆ. ದಾರಿಯುದ್ದಕ್ಕೂ ಅವಳು ನನ್ನ ಕಿವಿಯಲ್ಲಿ ಮಗ್ಗಿ ಹೇಳುತ್ತಿದ್ದಳು. ಹಗುರಬೀದಿಯ ಬಾಯಲ್ಲಿ ಅವತ್ತು ಅವಳನ್ನು ಇಳಿಸಿದೆ. ನನ್ನ ಭುಜ ಹಿಡಿದು ನಿಂತಳು. ಆಮೇಲೆ ಭುಜ ಬಿಟ್ಟಳು. ಮೂವತ್ತೊಂಬತ್ತನೇ ವಯಸ್ಸಿನಲ್ಲಿ ನನ್ನಕ್ಕ ಮೂರು ಹೆಜ್ಜೆ ನಡೆದಳು. ನಾನು ಬೀದಿ ಮಧ್ಯೆ ಕೂತು ಗೊಳೋ ಎಂದು ಅತ್ತೆ. ಅವಳು ಅಳಲಿಲ್ಲ, ನಾಲ್ಕನೇ ಹೆಜ್ಜೆ ಎಲ್ಲಿಡಬೇಕೆಂದು ನೋಡುತ್ತಿದ್ದಳು.

ಅಂದಿನಿಂದ ಅಲ್ಲೇ ಒಂದು ಕೋಣೆ ಹಿಡಿದು ಹೊಲಿಗೆ ಅಂಗಡಿ ಇಟ್ಟುಕೊಂಡಳು. ಕಾಲಿನಲ್ಲಿ ತುಳಿಯುವ ಮೆಷಿನ್ನೇ ಬೇಕೆಂದು ಹಟ ಹಿಡಿದು ತರಿಸಿದಳು. ಸಂಜೆ ಕೆಲಸ ಬಿಟ್ಟು ನಾನು ಹೋದರೆ ಕೂತಲ್ಲಿಂದಲೇ ಮಾತಾಡಿಸುತ್ತಿರಲಿಲ್ಲ, ಎದ್ದು ಬಾಗಿಲಿಗೆ ಬರುತ್ತಿದ್ದಳು. ಬೇಕೆಂದೇ ಹಾಗೆ ಮಾಡುತ್ತಿದ್ದಳು ಎಂದು ನನಗೆ ಗೊತ್ತಿತ್ತು.

ಸುಳ್ಳು ಯಾಕೆ ಹೇಳಲಿ, ಆ ಬೀದಿಯ ವಿಷಯದಲ್ಲಿ ನಾನೂ ಕಣ್ಣು ಮುಚ್ಚಿಕೊಂಡಿದ್ದೆ. ಬೇರೆಡೆ ಐವತ್ತು ಗ್ರಾಂ ಇಳಿದರೆ ಊರೆಲ್ಲ ಕೂಗಾಡುವವಳು, ಅಲ್ಲಿ ಮುಳ್ಳು ಒಂಬೈನೂರಕ್ಕೆ ಬಂದು ನಿಂತಿದ್ದನ್ನು ಪುಸ್ತಕದಲ್ಲಿ ಬರೆದು ಮುಂದೆ ಹೋಗುತ್ತಿದ್ದೆ. ಅದು ಅಷ್ಟರಲ್ಲೇ ನಿಂತಿದ್ದರೆ ನಾನು ಸಾಯುವವರೆಗೂ ಹಾಗೇ ಬರೆಯುತ್ತಿದ್ದೆನೋ ಏನೋ. ಆದರೆ ಈ ವರ್ಷ ಬೇಸಿಗೆ ಕಳೆಯುವಷ್ಟರಲ್ಲಿ ಎಂಟುನೂರು ತೋರಿಸಿತು. ಮತ್ತೆರಡು ತಿಂಗಳಿಗೆ ಏಳುನೂರ ಹತ್ತು. ಮಕ್ಕಳು ಜಗುಲಿಯಿಂದ ಜಗುಲಿಗೆ ಹಾರುತ್ತಿದ್ದವು, ಅಪ್ಪ ಅಮ್ಮ ಚಪ್ಪಾಳೆ ತಟ್ಟುತ್ತಿದ್ದರು.

ಕಚೇರಿಯ ಮುಖ್ಯಸ್ಥರು ಏಕಾಂತಪ್ಪನವರು. ಒಳ್ಳೆಯವರು, ಅದೇ ಅವರ ದೊಡ್ಡ ತೊಂದರೆ. ಯಾರನ್ನೂ ನೋಯಿಸಲಾರರು. ಬೀದಿಯ ಲೈನು ಮುಚ್ಚಿ ಹೊಸ ಪೈಪು ಹಾಕೋಣ ಎಂದು ಮೂರು ಸಲ ಬರೆದು ಕೊಟ್ಟೆ. ಮೂರನೇ ಸಲ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಆ ಪೈಪು ನನಗಿಂತ ದೊಡ್ಡದು ಕಣಮ್ಮ. ನಾನೇ ಇನ್ನೂ ಓಡಾಡ್ಕೊಂಡಿದೀನಲ್ಲ."

"ನೀವು ನೆಲದಡಿ ಇಲ್ವಲ್ಲ ಸಾರ್."

ಅವರು ನಕ್ಕರು. ಮುಚ್ಚಿದರೆ ಊರಿನ ಪೂರ್ವಭಾಗಕ್ಕೆಲ್ಲ ತಿಂಗಳುಗಟ್ಟಲೆ ಗ್ಯಾಸು ಇರುವುದಿಲ್ಲ, ಆಸ್ಪತ್ರೆಯ ಅಡುಗೆಮನೆ ನಿಲ್ಲುತ್ತದೆ, ಹೋಟೆಲಿನವರು ಬಂದು ಕೂಗಾಡುತ್ತಾರೆ ಎಂದರು. ಹಗುರಬೀದಿಯವರೇ ಮುಚ್ಚಬೇಡಿ ಎಂದು ಸಹಿ ಹಾಕಿ ಕೊಟ್ಟಿದ್ದಾರೆ ಎಂದು ಒಂದು ಅರ್ಜಿ ತೋರಿಸಿದರು. ನೂರಾ ಹನ್ನೊಂದು ಸಹಿ. ಮೊದಲನೆಯದು ಹಾಸಿಗೆ ಹೊಲಿಯುವ ಷಫಿವುಲ್ಲಾ ಸಾಹೇಬರದು, ಬೀದಿಗೆ ಅವರೇ ಹಿರಿಯರು. ಎರಡನೆಯದು ನನ್ನಕ್ಕನದು, ದುಂಡಗೆ, ಸ್ಕೂಲಿನಲ್ಲಿ ಬರೆಯುತ್ತಿದ್ದ ಹಾಗೇ.

ಆ ಸಂಜೆ ಅವಳ ಮನೆಗೆ ಜಗಳಕ್ಕೆಂದೇ ಹೋದೆ. ಬಾಗಿಲು ತೆಗೆದವಳು ನೆಲದಿಂದ ಅರ್ಧ ಗೇಣು ಎದ್ದು ಮತ್ತೆ ಇಳಿದಳು. ಒಳಗೆ ಕಾಲಿಟ್ಟರೆ ನನಗೇ ತಲೆ ಹಗುರವಾಯಿತು. ಬಟ್ಟು ನೇತುಹಾಕಿದೆ. ಮುಳ್ಳು ಐನೂರಕ್ಕಿಂತ ಕೆಳಗೆ. ಸುತ್ತ ನೋಡಿದೆ. ಎರಡೂ ಕಿಟಕಿಯ ಸಂದುಗಳಿಗೆ ಉದ್ದನೆಯ ಹತ್ತಿಯ ದಿಂಬುಗಳನ್ನು ಗಿಡಿದು, ಚೌಕಟ್ಟಿನ ಮೊಳೆಗಳಿಗೆ ದಾರದಿಂದ ಬಿಗಿದಿತ್ತು. ಬಾಗಿಲ ಕೆಳಗೂ ಒಂದು.

"ಇದೇನಕ್ಕ?"

"ಗಾಳಿದಿಂಬು. ಬಟ್ಟೆ ನಂದು, ಹತ್ತಿ ಸಾಹೇಬ್ರದು. ಹಗುರ ಎಲ್ಲಾ ಸುಮ್ನೆ ಹೊರಗೆ ಹೋಗ್ತಿತ್ತು ಕಣೆ. ಈಗ ಮನೇಲೇ ನಿಲ್ಲುತ್ತೆ. ಇಪ್ಪತ್ತಾರು ಮನೆಗೂ ನಾನೇ ಹೊಲ್ದು ನಾನೇ ಕಟ್ಟಿದೀನಿ." ಅವಳ ಮುಖದಲ್ಲಿ ಅಷ್ಟು ಹೆಮ್ಮೆ ನಾನು ಎಂದೂ ಕಂಡಿರಲಿಲ್ಲ. "ಎದುರುಮನೆ ಅಜ್ಜಿ ನಿನ್ನೆ ಕುಂಟೆಬಿಲ್ಲೆ ಆಡಿದ್ರು."

"ನಿಂಗೆ ಬುದ್ಧಿ ಇದೆಯಾ? ಮನೆ ತುಂಬಾ ಗ್ಯಾಸು ತುಂಬ್ಕೊಂಡು ಕೂತಿದೀಯ."

"ಬೆಂಕಿ ಎಲ್ಲಿದೆ ಇಲ್ಲಿ? ಇಷ್ಟು ವರ್ಷದಲ್ಲಿ ಒಂದು ಕಡ್ಡಿ ಗೀರಿದೀವಾ ನಾವು?"

"ಒಂದು ಸಲ ಸಾಕು."

"ಆ ಒಂದು ಸಲ ಬರೋವರ್ಗೂ ನಾನು ನಡೀತೀನಿ," ಎಂದಳು. "ನಿಂಗೇನು ಗೊತ್ತು ದಾಕ್ಷಿ. ನೀನು ಹುಟ್ಟಿದಾಗಿಂದ ನಡ್ದೋಳು." ಬಾಯಿ ಜೋರಿನವಳು ಬಾಯಿ ಮುಚ್ಚಿಕೊಂಡು ಮನೆಗೆ ಬಂದೆ. ಬಂದದ್ದಕ್ಕೆ ಇವತ್ತಿಗೂ ನನ್ನ ಮೇಲೆ ನನಗೆ ಸಿಟ್ಟಿದೆ.

ಅದಾಗಿ ಹತ್ತು ದಿನಕ್ಕೆ, ಬೆಳಿಗ್ಗೆ ಹತ್ತು ಗಂಟೆಯ ಹೊತ್ತಿಗೆ ಒಲೆಮನೆಯ ಮುಂದೆ ಹೋಗುತ್ತಿದ್ದೆ. ಅಲ್ಲಿ ಅಡುಗೆ ನೋಡಿಕೊಳ್ಳುವ ದೊಡ್ಡತಾಯಮ್ಮ ಎಂಬ ಮುದುಕಿ ಇದ್ದಾಳೆ. ನಾನು ನೋಡುತ್ತಿದ್ದ ಹಾಗೆ ಅವಳು ಅನ್ನದ ದೊಡ್ಡ ತಪ್ಪಲೆಯನ್ನು ಒಬ್ಬಳೇ ಒಲೆಯಿಂದ ಇಳಿಸಿದಳು. ಅದನ್ನು ಇಳಿಸಲು ಯಾವಾಗಲೂ ಇಬ್ಬರು ಬೇಕು.

"ನೋಡ್ದಾ ಬಟ್ಟಿನಮ್ಮ," ಎಂದಳು ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಾ. "ವಯಸ್ಸಾಗ್ತಾ ಆಗ್ತಾ ಶಕ್ತಿ ಬರ್ತಾ ಇದೆ ನಂಗೆ. ಮೂರು ದಿನದಿಂದ ಹಿಂಗೇಯ."

ಬಟ್ಟು ಎತ್ತಿ ನೋಡಿದೆ. ಮಾಡಿನ ಬಾಗಿಲಲ್ಲಿ ಒಂಬೈನೂರ ಐವತ್ತು. ಹಿಂದಿನ ಗೋಡೆಯ ಹತ್ತಿರ ಎಂಟುನೂರ ಎಂಬತ್ತು. ಆ ಗೋಡೆಯ ಬುಡದಲ್ಲಿ ಹಳೆಯ ಮೋರಿಯ ಬಾಯಿದೆ. ತೊಗಲು ಹದ ಮಾಡುತ್ತಿದ್ದ ಕಾಲದಲ್ಲಿ ನೀರು ಹೋಗಲು ಮನೆಗಳ ಅಡಿಯಿಂದ ಕಟ್ಟಿದ್ದು. ಕಿಟಕಿ ಬಾಗಿಲು ಬಿಗಿದ ಮೇಲೆ ಮೇಲಕ್ಕೆ ಹೋಗಲು ದಾರಿಯಿಲ್ಲದ ಗ್ಯಾಸು ಆ ಮೋರಿ ಹಿಡಿದು ಇಲ್ಲಿಗೆ ಬರುತ್ತಿತ್ತು. ಮೂವತ್ತು ಒಲೆ ಧಗಧಗ ಉರಿಯುತ್ತಿದ್ದವು. ಹೆಂಗಸರು ಹಾಡಿಕೊಂಡು ಬೇಳೆ ಬೇಯಿಸುತ್ತಿದ್ದರು.

ಅವತ್ತು ನಾನು ಕೂಗಿದ ಹಾಗೆ ಎಂದೂ ಕೂಗಿಲ್ಲ. ಒಲೆಗಳಿಗೆಲ್ಲ ನೀರು ಹುಯ್ಯಿಸಿದೆ, ಎಲ್ಲರನ್ನೂ ಹೊರಗೆ ಹಾಕಿದೆ, ಮೋರಿಯ ಬಾಯಿಗೆ ಒದ್ದೆ ಗೋಣಿಚೀಲ ತುರುಕಿದೆ. ಆದರೆ ನೀರು ಹುಯ್ದರೆ ಉರಿ ಆರುತ್ತದೆ, ಒಲೆ ಆರುವುದಿಲ್ಲ. ಬೂದಿಯೊಳಗೆ ಎಲ್ಲಿ ಯಾವ ಕೆಂಡ ಉಳಿದಿದೆಯೋ ಯಾರು ಕಂಡರು? ಗೋಣಿಚೀಲ ಎಷ್ಟು ಹೊತ್ತು ತಡೆಯುತ್ತದೆ? ದೊಡ್ಡತಾಯಮ್ಮನ ಕೈಯಲ್ಲಿ ಏಕಾಂತಪ್ಪನವರಿಗೆ ಹೇಳಿ ಕಳಿಸಿದೆ: ನಾನು ಹಗುರಬೀದಿಯ ಲೈನು ಮುಚ್ಚುತ್ತಿದ್ದೇನೆ, ಕೆಲಸದವರನ್ನು ಕಳಿಸಿ. ಅಪ್ಪಣೆ ಕೇಳಲಿಲ್ಲ. ಕೇಳಿದ್ದರೆ ನಾಳೆ ಮೀಟಿಂಗು ಎನ್ನುತ್ತಿದ್ದರು.

ವಾಲ್ವು ಇರುವುದು ಬೀದಿಯ ಬಾಯಲ್ಲೇ, ಕಬ್ಬಿಣದ ಮುಚ್ಚಳದ ಕೆಳಗೆ. ನಾನು ಮುಚ್ಚಳ ಎತ್ತುತ್ತಿದ್ದುದನ್ನು ನೋಡಿ ಜನ ಸೇರಿದರು. ಷಫಿವುಲ್ಲಾ ಸಾಹೇಬರು ಮುಂದೆ ಬಂದರು. ಅವರ ಹಿಂದೆ ನನ್ನಕ್ಕ, ನೆಟ್ಟಗೆ ನಿಂತುಕೊಂಡು.

"ದಾಕ್ಷಮ್ಮ, ಇಲ್ಲಿ ಎಷ್ಟು ಜನ ಹಾಸಿಗೆ ಬಿಟ್ಟು ಎದ್ದಿದಾರೆ ನಿಮಗೆ ಗೊತ್ತಿದೆ," ಎಂದರು ಸಾಹೇಬರು. "ಅವರನ್ನೆಲ್ಲ ಮತ್ತೆ ಮಲಗಿಸ್ತೀರಾ?"

"ಮಲಗಿಸ್ತೀನಿ ಸಾಹೇಬ್ರೆ. ಸುಡೋದಕ್ಕಿಂತ ಮಲಗ್ಸೋದು ವಾಸಿ." ಒಲೆಮನೆಯಲ್ಲಿ ಕಂಡದ್ದನ್ನು ಹೇಳಿದೆ. ಮೊದಲು ಯಾರೂ ನಂಬಲಿಲ್ಲ. ಬೆಂಕಿ ನಮ್ಮ ಬೀದಿಯಲ್ಲಿ ಇಲ್ಲವಲ್ಲ ಎಂದೇ ಹೇಳುತ್ತಿದ್ದರು. ಅಷ್ಟು ವರ್ಷ ಅವರು ಕಾಪಾಡಿಕೊಂಡು ಬಂದ ನೇಮ ಅದೊಂದೇ.

ಅಕ್ಕ ಮಾತ್ರ ಬೇರೆ ಕೇಳಿದಳು. "ಒಲೆಮನೆಗೆ ಹೆಂಗೆ ಹೋಯ್ತು?"

ಹೇಳಬಾರದಿತ್ತೋ ಏನೋ. ಹೇಳಿದೆ. "ಕಿಟಕಿ ಕಟ್ಟಿದ್ದಕ್ಕೆ ಅಕ್ಕ. ಮೇಲೆ ಹೋಗೋದು ಮೋರಿಗೆ ಹೋಯ್ತು."

ಅವಳು ತನ್ನ ಎರಡು ಕೈ ನೋಡಿಕೊಂಡಳು, ಬೆರಳುಗಳಲ್ಲಿ ಸೂಜಿಯ ಗುರುತು ತುಂಬಿದ್ದ ಕೈ. ಬೀದಿಯ ಕಡೆ ತಿರುಗಿ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡಿದಳು. "ಸಾಹೇಬ್ರೆ, ಜನಾನೆಲ್ಲ ಕೆರೆಬಯಲಿಗೆ ಕರ್ಕೊಂಡು ಹೋಗಿ," ಎಂದಳು. "ಗಟ್ಟಿಮುಟ್ಟು ಇರೋರು ಆಗ್ದೇ ಇರೋರನ್ನ ಎತ್ಕೊಳ್ಳಿ. ಈ ಬೀದಿ ದಾಟಿದ್ಮೇಲೆ ಅವ್ರಿಗೆ ಕಾಲಿಲ್ಲ." ಸಾಹೇಬರು ಒಂದು ಕ್ಷಣ ಅವಳ ಮುಖ ನೋಡಿ ತಲೆ ತಗ್ಗಿಸಿದರು. ಎದುರುಮನೆ ಅಜ್ಜಿಯನ್ನು ತಾವೇ ಎತ್ತಿಕೊಂಡು ಹೊರಟರು. ಅವರು ಹೊರಟ ಮೇಲೆ ಉಳಿದವರೂ ಹೊರಟರು. ಕೆಲವರು ನನ್ನನ್ನು ಬೈದುಕೊಂಡೇ ಹೋದರು, ಬೈಯಲಿ.

"ನೀನೂ ಹೋಗಕ್ಕ," ಎಂದೆ.

"ಇಪ್ಪತ್ತಾರು ಮನೆ. ಯಾವ ಗಂಟು ಎಲ್ಲಿದೆ ಅಂತ ಗೊತ್ತಿರೋದು ನಂಗೆ ಒಬ್ಳಿಗೇ," ಎಂದು ಹೇಳಿ ಮೊದಲ ಮನೆಯೊಳಗೆ ಹೋದಳು.

ವಾಲ್ವಿಗೆ ಬೋರ್‌ವೆಲ್ ಪಂಪಿನ ಹಿಡಿಯಂಥ ಉದ್ದನೆಯ ಕಬ್ಬಿಣದ ತೋಳು ಇದೆ. ಅದನ್ನು ಪೂರ್ತಿ ಕೆಳಗೆ ಒತ್ತಿದರೆ ಗ್ಯಾಸು ನಿಲ್ಲುತ್ತದೆ, ಒಂದು ಕೊಂಡಿ ಬಂದು ತೋಳನ್ನು ಹಿಡಿದುಕೊಳ್ಳುತ್ತದೆ. ನಾನು ಒತ್ತಿದೆ. ಕೊಂಡಿ ತುಕ್ಕು ತಿಂದು ಬಿಸ್ಕತ್ತಾಗಿತ್ತು, ಮುಟ್ಟಿದ ಕೂಡಲೇ ಪುಡಿಯಾಗಿ ಗುಂಡಿಗೆ ಬಿತ್ತು. ಕೈ ಬಿಟ್ಟರೆ ತೋಳು ಮೇಲೇಳುತ್ತದೆ. ಸರಿ ಎಂದು ಅದರ ಮೇಲೆ ಕೂತೆ. ಅರ್ಧಕ್ಕೆ ಇಳಿದು ನಿಂತಿತು. ಆ ಜಾಗದಲ್ಲಿ ನನಗೇ ತೂಕವಿರಲಿಲ್ಲ. ಕೆಳಗೆ ಪೈಪಿನಲ್ಲಿ ಬುಸ್ ಎನ್ನುವ ಸದ್ದು ನಿಂತಿರಲಿಲ್ಲ. ಬಟ್ಟು, ಮುಚ್ಚಳ, ಕೈಗೆ ಸಿಕ್ಕಿದ ಕಲ್ಲು ಎಲ್ಲ ಮಡಿಲಲ್ಲಿಟ್ಟುಕೊಂಡೆ. ಒಂದು ಬೆರಳು ಇಳಿಯಿತು, ಅಷ್ಟೇ. ಏಳುವ ಹಾಗೂ ಇಲ್ಲ, ಬಿಡುವ ಹಾಗೂ ಇಲ್ಲ. ಅಲ್ಲಿ ಕೂತು ಅಕ್ಕನನ್ನು ನೋಡುವುದೊಂದೇ ನನಗೆ ಉಳಿದ ಕೆಲಸ.

ಮೊದಲ ಐದಾರು ಮನೆಗಳಲ್ಲಿ ಅವಳು ಹುಡುಗಿಯ ಹಾಗೆ ಓಡಾಡಿದಳು. ಕತ್ತರಿಯಿಂದ ಗಂಟು ಕತ್ತರಿಸದೆ ಕೈಯಿಂದಲೇ ಬಿಚ್ಚಿದಳು, ಕಬ್ಬಿಣ ಕಬ್ಬಿಣಕ್ಕೆ ತಾಗಿ ಕಿಡಿ ಬಂದರೆ ಕಷ್ಟ ಎಂದು ನಾನು ಹೇಳುವ ಮೊದಲೇ ಅವಳಿಗೆ ಹೊಳೆದಿತ್ತು. ದಿಂಬುಗಳು ಒಂದೊಂದಾಗಿ ಬೀದಿಗೆ ಬಂದು ಬಿದ್ದವು. ಕಿಟಕಿ ತೆರೆದ ಮನೆಯೊಳಗೆ ಗಾಳಿ ಹೊಕ್ಕಿತು. ಹತ್ತನೇ ಮನೆಯಿಂದ ಹೊರಬಂದಾಗ ಅವಳು ಗೋಡೆ ಹಿಡಿದಿದ್ದಳು. ಹದಿನಾಲ್ಕನೇ ಮನೆಯ ಮುಂದೆ ನಿಂತು ಮಂಡಿ ಒತ್ತಿಕೊಂಡಳು. ತೆರೆಯುತ್ತಿರುವ ಒಂದೊಂದು ಕಿಟಕಿಯೂ ತನ್ನ ಕಾಲನ್ನೇ ತೆಗೆದುಕೊಳ್ಳುತ್ತಿದೆ ಎಂದು ಅವಳಿಗೆ ಗೊತ್ತಿತ್ತು. ಬೇಗ ಮುಗಿಸಲೂ ಇಲ್ಲ, ತಡ ಮಾಡಲೂ ಇಲ್ಲ. ಒಂದು ಮನೆ ಮುಗಿದರೆ ಪಕ್ಕದ ಮನೆ.

"ಸಾಕಕ್ಕ, ಬಿಡು," ಎಂದು ಕೂಗಿದೆ. "ಕೆಲಸದವರು ಬಂದು ತೆಗೀತಾರೆ."

"ಅವ್ರು ಬರೋದು ಯಾವಾಗ?" ಎಂದಳು ಅಷ್ಟೇ.

ಹತ್ತೊಂಬತ್ತನೇ ಮನೆಯ ಹೊಸ್ತಿಲಲ್ಲಿ ಬಿದ್ದಳು. ನಾನು ಎದ್ದೇಬಿಟ್ಟೆ, ತೋಳು ಸರ್ರನೆ ಮೇಲೆ ಬಂತು, ಬುಸ್ ಎಂಬ ಸದ್ದು ಜೋರಾಯಿತು. "ಕೂತ್ಕೊಳೇ," ಎಂದು ಅಲ್ಲಿಂದಲೇ ಗದರಿದಳು, ಮಗ್ಗಿ ತಪ್ಪಿದಾಗ ಗದರುತ್ತಿದ್ದ ದನಿಯಲ್ಲಿ. ಕೂತೆ. ಕಣ್ಣೀರು ಒರೆಸಿಕೊಳ್ಳಲೂ ಕೈ ಬಿಡುವಿರಲಿಲ್ಲ. ಅವಳು ಒಳಗೆ ತೆವಳಿಕೊಂಡು ಹೋದಳು. ಕಿಟಕಿ ಎತ್ತರದಲ್ಲಿತ್ತು, ಏನು ಮಾಡಿದಳೋ ಕಾಣಲಿಲ್ಲ, ಬಹಳ ಹೊತ್ತಾಯಿತು. ಆಮೇಲೆ ದಿಂಬು ಹೊರಗೆ ಬಂತು, ಅದರ ಹಿಂದೆ ಅವಳು, ಅಂಗೈ ಮೇಲೆ. ಸೊಂಟಕ್ಕೆ ಸಿಕ್ಕಿಸಿಕೊಂಡೇ ಬಂದಿದ್ದ ಬಟ್ಟೆ ಅಳೆಯುವ ಮರದ ಕೋಲನ್ನು ಈಗ ಬಾಯಲ್ಲಿ ಕಚ್ಚಿಕೊಂಡಿದ್ದಳು. ಅದರಿಂದಲೇ ದಾರ ಮೀಟಿ ಎಳೆದಿದ್ದಳು. ಇಪ್ಪತ್ತು. ಇಪ್ಪತ್ತೊಂದು. ಚಪ್ಪಲಿ ಇಲ್ಲದ ಅಂಗೈ, ಕಲ್ಲು ಹಾಸಿದ ಬೀದಿ. ಇಪ್ಪತ್ತಾರನೇ ಮನೆ ಅವಳದೇ. ಅಲ್ಲಿನ ದಿಂಬನ್ನೂ ತೆಗೆದಳು.

ನನ್ನ ಕೆಳಗೆ ತೋಳು ಒಂದಿಷ್ಟು ಇಳಿದಿತ್ತು, ನನಗೆ ತೂಕ ಬರುತ್ತಿತ್ತು. ಆದರೂ ಕೊನೆಯ ನಾಲ್ಕು ಬೆರಳು ಇಳಿಯುತ್ತಿರಲಿಲ್ಲ, ಪೈಪಿನ ಸದ್ದು ಸಣ್ಣದಾಗಿ ಹಾಗೇ ಇತ್ತು. ನಾನು ತೆಳ್ಳಗಿನವಳು, ಒಬ್ಬಳಿಂದ ಆಗುವ ಕೆಲಸವಲ್ಲ ಅದು. ಅಕ್ಕ ಅಷ್ಟು ದೂರದಿಂದ ತೆವಳಿಕೊಂಡು ಬಂದಳು. ಅಂಗೈ ಎರಡೂ ರಕ್ತವಾಗಿತ್ತು. ನನ್ನ ಮುಂದೆ ಬಂದು ಉಸಿರು ತೆಗೆದುಕೊಂಡಳು. ತಪ್ಪಾಯಿತು ಎಂದೆ.

"ಅದೆಲ್ಲ ಆಮೇಲೆ ಅಳೋಣ," ಎಂದಳು. "ಇನ್ನೂ ನಿಂತಿಲ್ವಲ್ಲ ಅದು. ಸರಿ ಆ ಕಡೆ."

ಮಡಿಲಲ್ಲಿದ್ದ ಕಲ್ಲುಗಳನ್ನು ಆಚೆ ಹಾಕಿ ಸರಿದೆ. ಅವಳು ನನ್ನ ಸೊಂಟ ಹಿಡಿದು ಮೈ ಎತ್ತಿ, ತೋಳಿನ ತುದಿಯಲ್ಲಿ ನನ್ನ ಪಕ್ಕ ಕೂತಳು. ಅವಳ ಕಾಲು ಎರಡೂ ಸುಮ್ಮನೆ ಇಳಿಬಿದ್ದವು. "ನನ್ನ ತೂಕ ಪೂರ್ತಿ ಬಂದಿದೆ ದಾಕ್ಷಿ," ಎಂದಳು. "ಹಾಕ್ತೀನಿ, ಹಿಡ್ಕೋ." ಕಬ್ಬಿಣದ ತೋಳು ಕಿರುಗುಟ್ಟುತ್ತಾ ನೆಲದವರೆಗೂ ಇಳಿಯಿತು, ಪೈಪಿನ ಸದ್ದು ನಿಂತಿತು. ಕಚೇರಿಯಿಂದ ಕೆಲಸದವರು ಬರುವವರೆಗೂ ನಾವಿಬ್ಬರೂ ಅದರ ಮೇಲಿಂದ ಏಳಲಿಲ್ಲ.